ಬಳಸಿದ ಪಿಸ್ತೂಲಿನ ಪರೀಕ್ಷೆ

ಆಯುಧವೊಂದನ್ನು ಕುರಿತ ಲೇಖನವು ಈ ತ್ರೈಮಾಸಿಕದ ಪುಟಗಳಲ್ಲಿ ಕಾಣಿಸಿಕೊಳ್ಳುವುದು ಕೆಲವು ವಾಚಕರಿಗೆ ವಿಚಿತ್ರವೆಂದು ತೋರಬಹುದು. ಆದರೆ ಹೊರನಾಡಿನ ಕನ್ನಡಿಗರಲ್ಲಿ ಲೈಸೆನ್ಸು ಪಡೆದು ಪಿಸ್ತೂಲನ್ನು ಇಟ್ಟುಕೊಂಡ ವರ್ತಕರೂ ಉದ್ಯಮಿಗಳೂ ನಿವೃತ್ತ ಸೇನಾಧಿಕಾರಿಗಳೂ ಇಲ್ಲದಿಲ್ಲ. ತಂದೆಯವರು ತೀರಿಕೊಂಡ ಬಳಿಕ ಕಬ್ಬಿಣದ ಕಪಾಟಿನಲ್ಲಿ ಇಂಥದೊಂದು ವಸ್ತು ದೊರೆತು, ಅದನ್ನೇನು ಮಾಡಬೇಕೆಂದು ತಿಳಿಯದೆ ಗಾಬರಿಗೊಂಡ ಮನೆಗಳೂ ಉಂಟು. ಕೊಳ್ಳುವವರಿಗಾಗಲಿ ಮಾರುವವರಿಗಾಗಲಿ ಈ ಯಂತ್ರದ ಒಳರಚನೆ ತಿಳಿದಿರುವುದು ಅಪರೂಪ. ನಮ್ಮ ಭಾಷೆಯಲ್ಲಿ ಈ ವಿಷಯವನ್ನು ಬಿಡಿಸಿ ಹೇಳಿದ ಬರಹಗಳೂ ವಿರಳ.

ಕೆಲವು ವರ್ಷಗಳ ಹಿಂದೆ ನನ್ನ ಮಿತ್ರರೊಬ್ಬರಿಗೆ ಪಿಸ್ತೂಲಿನ ಲೈಸೆನ್ಸು ಮಂಜೂರಾಯಿತು. ಯುರೋಪಿನಲ್ಲಿ ತಯಾರಾದ ಹಳೆಯ ಪಿಸ್ತೂಲೊಂದು ಮಾರಾಟಕ್ಕಿದೆಯೆಂದು ಕೇಳಿ ಅದನ್ನು ನೋಡಲು ಹೊರಟವರು, ಯಂತ್ರಶಾಲೆಯಲ್ಲಿ ಲೋಹವನ್ನು ಅಳೆಯುತ್ತ ಆಯುಷ್ಯ ಕಳೆದವನೆಂಬ ಕಾರಣದಿಂದ ನನ್ನನ್ನೂ ಜೊತೆಗೆ ಕರೆದೊಯ್ದರು. ಪಿಸ್ತೂಲು ಕನ್ನಡಿಯಂತೆ ಹೊಳೆಯುತ್ತಿತ್ತು. ಬೆಲೆಯೂ ಆ ಹೊಳಪಿಗೆ ತಕ್ಕಂತೆಯೇ ಇತ್ತು. ಅಂದು ನಾವು ಕಂಡುದನ್ನು ಮುಂದೆ ಸಂದರ್ಭ ಬಂದಾಗ ಹೇಳುತ್ತೇನೆ. ಬಳಸಿದ ಅರೆಸ್ವಯಂಚಾಲಿತ ಪಿಸ್ತೂಲನ್ನು ಕೊಳ್ಳುವ ಮೊದಲು ಏನನ್ನು, ಯಾವ ಕ್ರಮದಲ್ಲಿ, ಯಾವ ಕಾರಣಕ್ಕಾಗಿ ಪರೀಕ್ಷಿಸಬೇಕೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಯಂತ್ರದ ಸ್ವರೂಪ

ಕೋವಿ, ತುಪಾಕಿ ಎಂಬ ಮಾತುಗಳು ಕನ್ನಡದಲ್ಲಿ ಹಳೆಯವು. ಪಿಸ್ತೂಲು ಎಂಬುದು ಅವುಗಳ ತರುವಾಯ ಬಂದದ್ದು. ಇದರ ಅಂಗಗಳಿಗೆ ನಮ್ಮಲ್ಲಿ ನೆಲೆನಿಂತ ಹೆಸರುಗಳಿಲ್ಲ. ಆದುದರಿಂದ ಗುಂಡು ಹಾಯ್ದುಹೋಗುವ ಕೊಳವೆಯನ್ನು ನಳಿಗೆಯೆಂದೂ, ಅದರ ಹಿಂದುಗಡೆ ತೋಟಾ ಕುಳಿತುಕೊಳ್ಳುವ ಭಾಗವನ್ನು ತೋಟಾಕೋಶವೆಂದೂ, ತೋಟಾದ ಬೆನ್ನಿಗೆ ಬಡಿಯುವ ಕಡ್ಡಿಯನ್ನು ಹೊಡೆಸೂಜಿಯೆಂದೂ, ಖಾಲಿ ತೋಟಾವನ್ನು ಹೊರಗೆಳೆಯುವ ಅಂಗವನ್ನು ಸೆಳೆಕೊಕ್ಕೆಯೆಂದೂ ಇಲ್ಲಿ ಕರೆದಿದ್ದೇನೆ. ಸ್ಲೈಡು, ಮ್ಯಾಗಜೀನು, ಟ್ರಿಗರು, ಹ್ಯಾಮರುಗಳು ಬಳಕೆಯಲ್ಲಿರುವುದರಿಂದ ಅವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಅರೆಸ್ವಯಂಚಾಲಿತವೆಂದರೆ, ಒಂದು ಗುಂಡು ಹಾರಿದ ಕೂಡಲೆ ಅದರ ಹಿಮ್ಮೆಟ್ಟಿನ ಶಕ್ತಿಯಿಂದಲೇ ಖಾಲಿ ತೋಟಾ ಹೊರಬಿದ್ದು, ಹೊಸ ತೋಟಾ ಒಳಗೆ ಬಂದು, ಯಂತ್ರವು ಮುಂದಿನ ಹೊಡೆತಕ್ಕೆ ತಾನೇ ಸಿದ್ಧವಾಗಿ ನಿಲ್ಲುವುದು. ಆದರೆ ಟ್ರಿಗರನ್ನು ಪ್ರತಿಸಲವೂ ಬಿಟ್ಟು ಮತ್ತೆ ಎಳೆದಲ್ಲದೆ ಎರಡನೆಯ ಗುಂಡು ಹಾರಬಾರದು. ಈ 'ಬಾರದು' ಎಂಬ ಮಾತಿನಲ್ಲಿಯೇ ನಮ್ಮ ಪರೀಕ್ಷೆಯ ಅರ್ಧ ಭಾಗ ಅಡಗಿದೆ.

ಸಣ್ಣ ಪಿಸ್ತೂಲುಗಳಲ್ಲಿ ಈ ಕಾರ್ಯವು ಅತ್ಯಂತ ಸರಳವಾದ ರೀತಿಯಲ್ಲಿ ನಡೆಯುತ್ತದೆ. ನಳಿಗೆಗೂ ಸ್ಲೈಡಿಗೂ ನಡುವೆ ಬೀಗವೇ ಇರುವುದಿಲ್ಲ. ಮದ್ದು ಉರಿದಾಗ ಅನಿಲವು ಗುಂಡನ್ನು ಮುಂದಕ್ಕೂ ಖಾಲಿ ತೋಟಾದ ಮೂಲಕ ಸ್ಲೈಡನ್ನು ಹಿಂದಕ್ಕೂ ಏಕಕಾಲದಲ್ಲಿ ನೂಕುತ್ತದೆ. ಸ್ಲೈಡು ಗುಂಡಿಗಿಂತ ಹತ್ತಾರು ಪಟ್ಟು ಭಾರವಾಗಿರುವುದರಿಂದ ನಿಧಾನವಾಗಿ ಚಲಿಸುತ್ತದೆ. ತೋಟಾಕೋಶ ತೆರೆಯುವಷ್ಟರಲ್ಲಿ ಗುಂಡು ನಳಿಗೆಯಿಂದ ಹೊರಟುಹೋಗಿ ಒತ್ತಡವು ಇಳಿದಿರುತ್ತದೆ. ಹಿಂದೆ ಸರಿದ ಸ್ಲೈಡನ್ನು ಸ್ಪ್ರಿಂಗು ಮುಂದಕ್ಕೆ ತಳ್ಳುತ್ತದೆ. ಹೀಗೆ ಇಡೀ ವ್ಯವಸ್ಥೆಯು ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಲ ಎಂಬ ಎರಡೇ ಆಧಾರಗಳ ಮೇಲೆ ನಿಂತಿದೆ. ಸ್ಲೈಡಿನ ಭಾರ ಕಾಲಾಂತರದಲ್ಲಿ ಕಡಿಮೆಯಾಗುವುದಿಲ್ಲ. ಸ್ಪ್ರಿಂಗಿನ ಬಲ ಕಡಿಮೆಯಾಗುತ್ತದೆ.

ಈ ಬಗೆಯ ಪಿಸ್ತೂಲನ್ನು ಲೋಕಪ್ರಸಿದ್ಧವಾಗಿ ಮಾಡಿದವನು ಅಮೆರಿಕದ ಜಾನ್ ಮೋಸಸ್ ಬ್ರೌನಿಂಗ್ (೧೮೫೫–೧೯೨೬). ಆತನು ರೂಪಿಸಿದ ೭.೬೫ ಮಿಲಿಮೀಟರಿನ ತೋಟಾವನ್ನು ಬೆಲ್ಜಿಯಮ್ಮಿನ ಎಫ್. ಎನ್. ಕಾರ್ಖಾನೆಯು ೧೮೯೯ರಲ್ಲಿ ಹೊರತಂದಿತು. ಇಂಗ್ಲಿಷ್ ಅಳತೆಯಲ್ಲಿ ಇದೇ .೩೨ ಎಂದು ಹೆಸರಾಯಿತು. ಇದರ ಗುಂಡಿನ ತೂಕ ಸಾಮಾನ್ಯತಃ ೭೧ ಗ್ರೇನ್, ಎಂದರೆ ಸುಮಾರು ೪.೬ ಗ್ರಾಂ.

೨. ನಮ್ಮ ದೇಶದಲ್ಲಿ ದೊರೆಯುವಂಥವು

ಭಾರತದ ಕಾನೂನು ಆಯುಧಗಳನ್ನು ನಿಷಿದ್ಧ ಮತ್ತು ಅನಿಷಿದ್ಧ ಎಂದು ವಿಂಗಡಿಸುತ್ತದೆ. ಸೈನ್ಯ ಮತ್ತು ಪೊಲೀಸ್ ಬಳಕೆಯ ೯ ಮಿಲಿಮೀಟರಿನಂಥ ಪಿಸ್ತೂಲುಗಳು ಸಾಮಾನ್ಯ ನಾಗರಿಕನಿಗೆ ಎಟುಕುವಂಥವಲ್ಲ; .೩೨ ಅನಿಷಿದ್ಧ ವರ್ಗಕ್ಕೆ ಸೇರಿದೆ. ಆದುದರಿಂದ ನಮ್ಮಲ್ಲಿ ಕೈಬದಲಾಗುವ ಪಿಸ್ತೂಲುಗಳು ಬಹುಮಟ್ಟಿಗೆ .೩೨ ಅಳತೆಯವೇ. ೧೯೮೦ರ ದಶಕದ ಮಧ್ಯಭಾಗದಿಂದ ಖಾಸಗಿ ವ್ಯಕ್ತಿಗಳಿಗಾಗಿ ವಿದೇಶದಿಂದ ಪಿಸ್ತೂಲು ತರಿಸುವುದು ಹೆಚ್ಚುಕಡಮೆ ನಿಂತುಹೋಯಿತು. ಅದಕ್ಕೆ ಮುಂಚೆ ಬಂದವುಗಳೇ ಇಂದಿಗೂ ಒಬ್ಬರಿಂದೊಬ್ಬರಿಗೆ ಕೈಬದಲಾಗುತ್ತಿವೆ. ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾದ 'ಅಶನಿ' ಮೊದಲಾದ ದೇಶೀಯ ಪಿಸ್ತೂಲುಗಳು ಇವೆಯಾದರೂ, ವಿದೇಶೀ ಹೆಸರಿನ ವ್ಯಾಮೋಹವು ಹಳೆಯ ಸರಕಿನ ಬೆಲೆಯನ್ನು ಅದರ ಯೋಗ್ಯತೆಗೆ ಮೀರಿ ಏರಿಸಿದೆ. ಬೇರೆ ದೇಶಗಳಲ್ಲಿ ಸಾಧಾರಣ ಬೆಲೆಗೆ ಸಿಗುವ ವಸ್ತು ಇಲ್ಲಿ ಒಡವೆಯಾಗಿ ಪರಿಣಮಿಸಿದೆ. ದುರ್ಲಭತೆಗೆ ಕೊಟ್ಟ ಬೆಲೆಯನ್ನು ಗುಣಕ್ಕೆ ಕೊಟ್ಟ ಬೆಲೆಯೆಂದು ಭಾವಿಸುವವರೇ ಬಹಳ.

ಕಣ್ಣಿಗೆ ಬೀಳುವ ಮಾದರಿಗಳಲ್ಲಿ ಮುಖ್ಯವಾದವು ಕೆಲವು. ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಪಿಸ್ತೂಲನ್ನು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ೧೯೧೧ರಲ್ಲಿ ಅಂಗೀಕರಿಸಿದರು. ಅಮೆರಿಕದ ಕೋಲ್ಟ್ ಕಾರ್ಖಾನೆಯ ೧೯೦೩ರ ಮಾದರಿ, ಎಫ್. ಎನ್. ಕಾರ್ಖಾನೆಯ ೧೯೦೦, ೧೯೧೦ ಮತ್ತು ೧೯೨೨ರ ಮಾದರಿಗಳು ಬ್ರೌನಿಂಗನ ಕಲ್ಪನೆಗಳು. ೧೯೧೪ರಲ್ಲಿ ಸರಾಯೆವೊ ನಗರದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದ ಆಯುಧವೂ ೧೯೧೦ರ ಮಾದರಿಯದೇ, ಆದರೆ ಬೇರೊಂದು ಅಳತೆಯದು. ಜರ್ಮನಿಯ ವಾಲ್ಥರ್ ಕಾರ್ಖಾನೆಯ ಪಿ. ಪಿ. ಮಾದರಿ ೧೯೨೯ರಲ್ಲಿ ಹುಟ್ಟಿತು. ಎರಡನೆಯ ಮಹಾಯುದ್ಧದ ತರುವಾಯ ಫ್ರಾನ್ಸಿನ ಮನುರ‍್ಹಿನ್ ಸಂಸ್ಥೆಯೂ ಅದನ್ನು ತಯಾರಿಸಿತು.

ಇವೆಲ್ಲವೂ ಒಂದೇ ತತ್ತ್ವದ ಯಂತ್ರಗಳಾದರೂ ಸ್ಪ್ರಿಂಗನ್ನು ಇಟ್ಟ ಸ್ಥಳದಲ್ಲಿ ಭಿನ್ನವಾಗಿವೆ. ೧೯೦೦ರ ಎಫ್. ಎನ್. ಮಾದರಿಯಲ್ಲಿ ಅದು ನಳಿಗೆಯ ಮೇಲಿದ್ದು ಹೊಡೆಸೂಜಿಯನ್ನು ನಡೆಸುವ ಕೆಲಸವನ್ನೂ ತಾನೇ ಮಾಡುತ್ತದೆ. ಕೋಲ್ಟಿನಲ್ಲಿ ನಳಿಗೆಯ ಕೆಳಗಿದೆ. ೧೯೧೦ರ ಮಾದರಿಯಲ್ಲಿಯೂ ವಾಲ್ಥರಿನಲ್ಲಿಯೂ ನಳಿಗೆಯನ್ನೇ ಸುತ್ತಿಕೊಂಡಿದೆ. ವೆಬ್ಲಿಯಲ್ಲಿ ಹಿಡಿಯ ಪಕ್ಕದ ಫಲಕದೊಳಗೆ ವಿ ಆಕಾರದ ಪಟ್ಟಿಯಾಗಿ ಅಡಗಿದೆ. ಸವೆತವನ್ನು ಎಲ್ಲಿ ಹುಡುಕಬೇಕೆಂಬುದು ಇದರಿಂದ ನಿರ್ಧಾರವಾಗುತ್ತದೆ.

೩. ಕಾಗದ ಮತ್ತು ಅಂಕಿ

ಲೋಹವನ್ನು ಮುಟ್ಟುವ ಮೊದಲು ಕಾಗದವನ್ನು ನೋಡಬೇಕು. ೧೮೭೮ರ ಹಳೆಯ ಕಾನೂನನ್ನು ತೆಗೆದುಹಾಕಿ ಬಂದ ೧೯೫೯ರ ಆಯುಧಗಳ ಅಧಿನಿಯಮವೂ, ೨೦೧೬ರ ನಿಯಮಗಳೂ ಈಗ ಆಧಾರ. ಕೊಳ್ಳುವವನಲ್ಲಿ ಆ ಬಗೆಯ ಆಯುಧಕ್ಕೆ ಸಿಂಧುವಾದ ಲೈಸೆನ್ಸು ಇರಲೇಬೇಕು. ಖಾಸಗಿ ವ್ಯಕ್ತಿಯೊಬ್ಬನು ತನ್ನ ಪಿಸ್ತೂಲನ್ನು ಮಾರುವುದಾದರೆ, ಕೊಳ್ಳುವವನ ಹೆಸರು ಮತ್ತು ವಿಳಾಸದೊಡನೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗಾಗಲಿ ಸಮೀಪದ ಪೊಲೀಸ್ ಠಾಣೆಯ ಅಧಿಕಾರಿಗಾಗಲಿ ಲಿಖಿತವಾಗಿ ತಿಳಿಸಿ, ಅನಂತರ ಕನಿಷ್ಠ ೪೫ ದಿನಗಳು ಕಳೆದ ಮೇಲೆಯೇ ಅದನ್ನು ಹಸ್ತಾಂತರಿಸಬಹುದು. ಈ ಅವಧಿಯನ್ನು ಕಿರುಕುಳವೆಂದು ಎಣಿಸದೆ, ಪರೀಕ್ಷೆಗೆ ದೊರೆತ ಬಿಡುವೆಂದು ಭಾವಿಸುವುದು ವಿವೇಕ.

ಪಿಸ್ತೂಲಿನ ಮೇಲಿನ ಕ್ರಮಾಂಕವು ಲೈಸೆನ್ಸಿನಲ್ಲಿ ಬರೆದ ಕ್ರಮಾಂಕದೊಡನೆ ಅಕ್ಷರಶಃ ಹೊಂದಬೇಕು. ತಯಾರಕನ ಹೆಸರು, ಅಂಕಿ ಮೊದಲಾದ ಗುರುತುಗಳನ್ನು ಅಳಿಸುವುದೂ ತಿದ್ದುವುದೂ ಅಪರಾಧ. ಅಂಥ ಗುರುತಿಲ್ಲದ ಆಯುಧವನ್ನು ಮಾರುವುದನ್ನೂ ಕಾನೂನು ನಿಷೇಧಿಸಿದೆ. ಅಂಕಿಯ ಸುತ್ತಲಿನ ಲೋಹವು ಉಳಿದ ಭಾಗಕ್ಕಿಂತ ತಗ್ಗಾಗಿದ್ದರೆ, ಅಂಕಿಗಳ ಸಾಲು ಡೊಂಕಾಗಿದ್ದರೆ, ಅಲ್ಲಿಗೇ ಮಾತು ಮುಗಿಸಿ ಎದ್ದುಬರಬೇಕು. ಯುರೋಪಿನ ಅನೇಕ ತಯಾರಕರು ಚೌಕಟ್ಟಿನ ಮೇಲಷ್ಟೇ ಅಲ್ಲದೆ ಸ್ಲೈಡು ಮತ್ತು ನಳಿಗೆಗಳ ಮೇಲೂ ಅಂಕಿಯನ್ನೊತ್ತುತ್ತಿದ್ದರು. ಅವು ಪರಸ್ಪರ ಹೊಂದದಿದ್ದರೆ, ಎರಡು ಪಿಸ್ತೂಲುಗಳನ್ನು ಸೇರಿಸಿ ಒಂದು ಮಾಡಿದ್ದಾರೆಂದು ತಿಳಿಯಬೇಕು.

ಇದಲ್ಲದೆ ಪರೀಕ್ಷಾಮುದ್ರೆಗಳೆಂಬವು ಉಂಟು. ಹೊಸ ಆಯುಧವನ್ನು ವಾಡಿಕೆಗಿಂತ ಹೆಚ್ಚಿನ ಒತ್ತಡದ ತೋಟಾದಿಂದ ಹೊಡೆದುನೋಡಿ, ತಾಳಿದುದಕ್ಕೆ ಮುದ್ರೆಯೊತ್ತುವ ಪದ್ಧತಿ ಯುರೋಪಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ೧೮೧೩ರಲ್ಲಿ ಸ್ಥಾಪಿತವಾಯಿತು. ಬೆಲ್ಜಿಯಮ್ಮಿನ ಲಿಯೇಜ್ ನಗರದ ಮುದ್ರೆಯಲ್ಲಿ ಕಿರೀಟದ ಕೆಳಗೆ ದೀರ್ಘವೃತ್ತದೊಳಗೆ ಇ, ಎಲ್, ಜಿ ಎಂಬ ರೋಮನ್ ಅಕ್ಷರಗಳಿರುತ್ತವೆ. ಜರ್ಮನಿಯ ಮುದ್ರೆಯಲ್ಲಿ ಎನ್ ಅಕ್ಷರದ ಮೇಲೆ ಮೊದಲು ಕಿರೀಟವೂ, ಎರಡನೆಯ ಮಹಾಯುದ್ಧದ ಆರಂಭದ ಸುಮಾರಿನಿಂದ ಹದ್ದೂ ಇದೆ. ಬೆಲ್ಜಿಯಮ್ಮಿನದೆಂದು ಹೇಳಿ ಮಾರುವ ಪಿಸ್ತೂಲಿನಲ್ಲಿ ಲಿಯೇಜಿನ ಮುದ್ರೆಯೇ ಇಲ್ಲದಿದ್ದರೆ ಅನುಮಾನಕ್ಕೆ ಆಸ್ಪದವುಂಟು. ಬೇರೆ ದೇಶಗಳಂತೆ ನಮ್ಮಲ್ಲಿಯೂ ಪ್ರಖ್ಯಾತ ಹೆಸರನ್ನು ಕೆತ್ತಿದ ನಕಲಿ ಆಯುಧಗಳು ಇವೆಯೆಂಬುದನ್ನು ಮರೆಯಬಾರದು.

೪. ಕೈಗೆತ್ತಿಕೊಳ್ಳುವ ಕ್ರಮ ಮತ್ತು ಹೊರನೋಟ

ಮುಂದಿನ ಎಲ್ಲ ಪರೀಕ್ಷೆಗೂ ಒಂದು ಪೂರ್ವನಿಯಮವಿದೆ. ಖಾಲಿಯೆಂದು ಯಾರು ಎಷ್ಟೇ ಹೇಳಲಿ, ಪಿಸ್ತೂಲು ತುಂಬಿದೆಯೆಂದೇ ತಿಳಿಯತಕ್ಕದ್ದು. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಮೊದಲು ಮ್ಯಾಗಜೀನನ್ನು ಹೊರತೆಗೆಯಬೇಕು. ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ತೋಟಾಕೋಶವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಈ ಕ್ರಮ ತಲೆಕೆಳಗಾದರೆ ಅನರ್ಥವುಂಟು: ಮ್ಯಾಗಜೀನು ಒಳಗಿರುವಾಗಲೇ ಸ್ಲೈಡನ್ನೆಳೆದುಬಿಟ್ಟರೆ ತುಂಬಿದ ತೋಟಾವೊಂದು ತೋಟಾಕೋಶವನ್ನು ಸೇರಿ ಕೂರುತ್ತದೆ, ಅನಂತರ ಮ್ಯಾಗಜೀನನ್ನು ತೆಗೆದು 'ಖಾಲಿಯಾಯಿತು' ಎಂದು ನಂಬುವವನು ಟ್ರಿಗರನ್ನೆಳೆಯುತ್ತಾನೆ. ಪರೀಕ್ಷೆ ನಡೆಯುವ ಕೋಣೆಯಲ್ಲಿ ನಿಜವಾದ ತೋಟಾ ಒಂದೂ ಇರಕೂಡದು.

ಹೊರಮೈಯನ್ನು ನೋಡುವಾಗ ಸವೆತವನ್ನೂ ದುರಸ್ತಿಯನ್ನೂ ಬೇರ್ಪಡಿಸಬೇಕು. ಚರ್ಮದ ಚೀಲಕ್ಕೆ ಉಜ್ಜಿ ನಳಿಗೆಯ ತುದಿಯಲ್ಲಿಯೂ ಸ್ಲೈಡಿನ ಅಂಚುಗಳಲ್ಲಿಯೂ ನೀಲಿ ಬಣ್ಣ ಮಾಸಿರುವುದು ಪ್ರಾಮಾಣಿಕ ಮುಪ್ಪಿನ ಲಕ್ಷಣ. ಅದರಿಂದ ಕೆಲಸಕ್ಕೆ ಕೊರತೆಯಿಲ್ಲ. ಎಂಬತ್ತು ವರ್ಷದ ಪಿಸ್ತೂಲು ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದರೆ ಅದೇ ಶಂಕಿಸಬೇಕಾದ ವಿಷಯ. ತುಕ್ಕಿನ ಗುಳಿಗಳನ್ನು ಮುಚ್ಚಬೇಕೆಂದು ಉಜ್ಜಿ, ಮತ್ತೆ ನೀಲಿಯೇರಿಸಿದಾಗ ಚೂಪಾದ ಅಂಚುಗಳು ಮೊಂಡಾಗುತ್ತವೆ, ಕೆತ್ತಿದ ಅಕ್ಷರಗಳು ಮಸುಕಾಗುತ್ತವೆ, ತಿರುಪುಗಳ ಸುತ್ತ ತಟ್ಟೆಯಂತೆ ತಗ್ಗು ಬೀಳುತ್ತದೆ. ತಿರುಪಿನ ಸೀಳು ಹರಿದಿದ್ದರೆ ಅನನುಭವಿಯೊಬ್ಬನು ಒಳಗೆ ಕೈಯಾಡಿಸಿದ್ದಾನೆಂದು ಊಹಿಸಬಹುದು.

ಮುಂಬಯಿ, ಮದರಾಸುಗಳಂಥ ಕಡಲತೀರದ ನಗರಗಳಲ್ಲಿ ವಾಸಿಸುವ ನಮಗೆ ತುಕ್ಕಿನ ವಿಷಯವು ವಿಶೇಷವಾಗಿ ಗಮನಾರ್ಹ. ಉಪ್ಪಿನ ಗಾಳಿ, ಮಳೆಗಾಲದ ತೇವ, ಕೈಯ ಬೆವರು ಇವು ಮೂರೂ ಉಕ್ಕಿನ ಶತ್ರುಗಳು. ಪಿಸ್ತೂಲನ್ನು ಚರ್ಮದ ಚೀಲದಲ್ಲಿಯೇ ವರ್ಷಗಟ್ಟಲೆ ಇಡುವ ಅಭ್ಯಾಸ ಅದಕ್ಕಿಂತಲೂ ಕೆಟ್ಟದ್ದು. ಚರ್ಮವು ತೇವವನ್ನು ಹೀರಿಕೊಂಡು ಲೋಹಕ್ಕೆ ಒತ್ತಿಹಿಡಿಯುತ್ತದೆ. ಲೈಸೆನ್ಸುದಾರನು ಮೃತನಾದರೆ ಆಯುಧವನ್ನು ವಿಳಂಬವಿಲ್ಲದೆ ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ವ್ಯಾಪಾರಿಯಲ್ಲಾಗಲಿ ಒಪ್ಪಿಸಬೇಕಾಗುತ್ತದೆ. ವಾರಸುದಾರರ ವ್ಯವಹಾರ ತೀರ್ಮಾನವಾಗುವವರೆಗೆ ಅದು ಎಣ್ಣೆ ಕಾಣದೆ ಅಲ್ಲಿಯೇ ಬಿದ್ದಿರುವುದುಂಟು. ಒಬ್ಬ ವ್ಯಕ್ತಿಗೆ ಎರಡಕ್ಕಿಂತ ಹೆಚ್ಚು ಬಂದೂಕುಗಳಿರಕೂಡದೆಂದು ೨೦೧೯ರ ತಿದ್ದುಪಡಿ ವಿಧಿಸಿದ ಮೇಲೆ ಹೆಚ್ಚುವರಿ ಆಯುಧಗಳೂ ಇದೇ ರೀತಿ ಕೈಬಿಡಬೇಕಾಗಿ ಬಂದವು. ಆದುದರಿಂದ ಮಾರುವವನ ಒಪ್ಪಿಗೆ ಪಡೆದು ಹಿಡಿಯ ಎರಡು ಫಲಕಗಳನ್ನೂ ಬಿಚ್ಚಿನೋಡಬೇಕು. ಹೊರಗೆ ಉಜ್ಜಿ ಹೊಳಪು ಕೊಟ್ಟವನು ಒಳಗಿನ ತುಕ್ಕನ್ನು ಸಾಮಾನ್ಯವಾಗಿ ಹಾಗೆಯೇ ಬಿಟ್ಟಿರುತ್ತಾನೆ.

ಚೌಕಟ್ಟಿನ ಬಿರುಕುಗಳನ್ನು ಭೂತಗನ್ನಡಿಯಿಂದ ಹುಡುಕಬೇಕು. ಸ್ಪ್ರಿಂಗು ಸೋತ ಪಿಸ್ತೂಲಿನಲ್ಲಿ ಸ್ಲೈಡು ಪ್ರತಿಸಲವೂ ಚೌಕಟ್ಟಿಗೆ ಜೋರಾಗಿ ಬಡಿಯುತ್ತದೆ. ಸಾವಿರಾರು ಬಡಿತಗಳ ಬಳಿಕ ಸ್ಲೈಡು ಜಾರುವ ಕಾಲುವೆಯ ಬಳಿಯೋ ಅದು ಬಂದು ನಿಲ್ಲುವ ಎಡೆಯಲ್ಲೋ ಕೂದಲೆಳೆಯ ಬಿರುಕು ಕಾಣಿಸುತ್ತದೆ. ಎಣ್ಣೆಯನ್ನು ಸವರಿ ಚೆನ್ನಾಗಿ ಒರೆಸಿದರೆ, ಬಿರುಕಿನೊಳಗೆ ಉಳಿದ ಎಣ್ಣೆಯು ಸ್ವಲ್ಪ ಹೊತ್ತಿನಲ್ಲಿ ಗೆರೆಯಾಗಿ ಹೊರಸೂಸುತ್ತದೆ. ಇದು ಯಂತ್ರಶಾಲೆಯ ಹಳೆಯ ಉಪಾಯ. ಬಿರುಕುಬಿಟ್ಟ ಚೌಕಟ್ಟಿಗೆ ಚಿಕಿತ್ಸೆಯಿಲ್ಲವೆಂದೇ ತಿಳಿಯಬೇಕು.

೫. ನಳಿಗೆ

ಸ್ಲೈಡನ್ನು ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ಎರಡು ತುದಿಗಳಿಂದಲೂ ನೋಡಬೇಕು. ಅದಕ್ಕೂ ಮೊದಲು ಒಣ ಬಟ್ಟೆಯಿಂದ ಒರೆಸುವುದು ಅವಶ್ಯ. ದಪ್ಪ ಎಣ್ಣೆ ಅನೇಕ ದೋಷಗಳನ್ನು ಮುಚ್ಚುತ್ತದೆ. ಒಳಗೆ ಸುರುಳಿಯಾಗಿ ಸಾಗುವ ಗಾಡಿಗಳ ಅಂಚುಗಳು ಸ್ಪಷ್ಟವಾಗಿ, ಹರಿತವಾಗಿ ಕಾಣಬೇಕು. ಹಳೆಯ ಕಾಲದ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಬಳಿಕ ಅದು ಅಡಿಗೆಯ ಉಪ್ಪಿನ ಜಾತಿಯದೇ ಆದ ಪೊಟ್ಯಾಸಿಯಂ ಕ್ಲೋರೈಡಾಗಿ ನಳಿಗೆಯೊಳಗೆ ಉಳಿದು, ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತಿತ್ತು. ಎಣ್ಣೆಯಲ್ಲಿ ಈ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಈ ಸಂಗತಿ ತಿಳಿಯದೆ ಎಣ್ಣೆಯನ್ನಷ್ಟೇ ಸವರಿಟ್ಟವರ ಪಿಸ್ತೂಲುಗಳು ಸಿಡುಬಿನ ಕಲೆಗಳಂಥ ಗುಳಿಗಳಿಂದ ತುಂಬಿವೆ. ಅಲ್ಲಲ್ಲಿ ಕೆಲವು ಗುಳಿಗಳಿದ್ದರೆ ಗುರಿಗೆ ಅಂಥ ಬಾಧಕವಿಲ್ಲ. ಆದರೆ ತೋಟಾಕೋಶದಲ್ಲಿ ಗುಳಿಗಳಿದ್ದರೆ ಖಾಲಿ ತೋಟಾ ಅದಕ್ಕೆ ಕಚ್ಚಿಕೊಂಡು ಹೊರಬಾರದೆ ಯಂತ್ರವು ನಡುವೆಯೇ ನಿಂತುಬಿಡುತ್ತದೆ. ನಳಿಗೆಯ ಮುಂತುದಿಯ ಅಂಚಿನಲ್ಲಿ ಕಚ್ಚು ಬಿದ್ದಿದ್ದರೆ ಅನಿಲವು ಒಂದು ಪಕ್ಕಕ್ಕೆ ಮೊದಲು ನುಗ್ಗಿ ಗುಂಡನ್ನು ಓರೆಮಾಡುತ್ತದೆ.

ಎಲ್ಲಕ್ಕಿಂತ ಗುರುತರವಾದ ದೋಷವೆಂದರೆ ಉಬ್ಬು. ದುರ್ಬಲವಾದ ತೋಟಾವೊಂದರ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡು, ಅದನ್ನರಿಯದೆ ಇನ್ನೊಂದನ್ನು ಹೊಡೆದಾಗ, ಎರಡು ಗುಂಡುಗಳು ಸಂಧಿಸುವ ಸ್ಥಳದಲ್ಲಿ ಒತ್ತಡವು ಮಿತಿಮೀರಿ ಉಕ್ಕು ಹೊರಕ್ಕೆ ಹಿಗ್ಗುತ್ತದೆ. ಒಳಗಿನಿಂದ ನೋಡಿದರೆ ಅಲ್ಲಿ ಕಪ್ಪು ಉಂಗುರವೊಂದು ನೆರಳಿನಂತೆ ಕಾಣುತ್ತದೆ.

ಮೊದಲು ಪ್ರಸ್ತಾಪಿಸಿದ ಮಿತ್ರರ ವಿಷಯಕ್ಕೆ ಈಗ ಬರಬಹುದು. ಆ ಹೊಳೆಯುವ ಪಿಸ್ತೂಲಿನ ನಳಿಗೆಯೊಳಗೆ, ತುದಿಯಿಂದ ಎರಡು ಬೆರಳು ದೂರದಲ್ಲಿ ಇಂಥ ಉಂಗುರವಿತ್ತು. ಎಣ್ಣೆಯ ಕಲೆಯಿರಬೇಕೆಂದು ಮಾರುವವರು ಹೇಳಿದರು. ಎರಡು ಸಲ ಒರೆಸಿದರೂ ಹೋಗಲಿಲ್ಲ. ನಳಿಗೆಯ ಹೊರಮೈಯ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಉದ್ದಕ್ಕೆ ನಿಲ್ಲಿಸಿ ಬೆಳಕಿಗೆ ಹಿಡಿದಾಗ, ಆ ಸ್ಥಳದಲ್ಲಿ ಪಟ್ಟಿಯು ತೂಗಾಡಿತು. ಎರಡು ಬದಿಗಳಲ್ಲಿಯೂ ಬೆಳಕಿನ ಸೀಳು ಕಂಡಿತು. ಆ ಮಾದರಿಯಲ್ಲಿ ಸ್ಪ್ರಿಂಗು ನಳಿಗೆಯನ್ನೇ ಸುತ್ತಿಕೊಂಡಿದ್ದುದರಿಂದ ಉಬ್ಬಿನ ಮೇಲೆ ಅದು ಉಜ್ಜಿದ ಗುರುತೂ ಇತ್ತು. ನೀಲಿ ಬಣ್ಣವನ್ನು ಹೊಸದಾಗಿ ಏರಿಸಿದ ಕಾರಣವೂ ಆಗ ತಿಳಿಯಿತು. ಮಿತ್ರರು ಮುಂಗಡವನ್ನು ಕೊಟ್ಟಿರಲಿಲ್ಲವೆಂಬುದೊಂದೇ ಸಮಾಧಾನ. ಮಾರುವವರಿಗೆ ನಿಜವಾಗಿಯೂ ವಿಷಯ ತಿಳಿದಿತ್ತೋ ಇಲ್ಲವೋ ನಾನು ಹೇಳಲಾರೆ. ಅವರೂ ಅದನ್ನು ಇನ್ನೊಬ್ಬರಿಂದ ಹೊಳಪಿಗೆ ಮರುಳಾಗಿಯೇ ಕೊಂಡಿದ್ದಿರಬಹುದು.

೬. ಚಲಿಸುವ ಅಂಗಗಳು

ಸ್ಲೈಡಿನ ಮುಂಭಾಗಕ್ಕೆ ತೋಟಾ ಒರಗುವ ಮುಖದಲ್ಲಿ ಹೊಡೆಸೂಜಿಯ ರಂಧ್ರವು ದುಂಡಾಗಿರಬೇಕು. ಅದರ ಸುತ್ತ ಅನಿಲ ಸೋರಿ ಕೊರೆದ ಗುರುತಿರಬಾರದು. ಹೊಡೆಸೂಜಿಯ ತುದಿ ಗುಂಡಗೆ, ನಯವಾಗಿರಬೇಕು. ಸೆಳೆಕೊಕ್ಕೆಯ ಮೂಗು ಮುರಿದಿರಬಾರದು. ಸ್ಲೈಡು ಚೌಕಟ್ಟಿನ ಮೇಲೆ ಸ್ವಲ್ಪ ಅಲುಗುವುದು ಸಹಜ. ಆದರೆ ಈ ಪಿಸ್ತೂಲುಗಳಲ್ಲಿ ನಳಿಗೆಯು ಚೌಕಟ್ಟಿಗೆ ಸೇರಿದ್ದು, ಗುರಿನೋಟದ ಕಣ್ಣುಗಳು ಸಾಮಾನ್ಯವಾಗಿ ಸ್ಲೈಡಿನ ಮೇಲಿರುತ್ತವೆ; ಆದುದರಿಂದ ಅಲುಗಾಟ ಹೆಚ್ಚಾದಷ್ಟೂ ನೋಟಕ್ಕೂ ಹೊಡೆತಕ್ಕೂ ಸಂಬಂಧ ತಪ್ಪುತ್ತದೆ.

ಇನ್ನು ಸುರಕ್ಷತೆಯ ಪರೀಕ್ಷೆಗಳು. ಇವನ್ನು ಖಾಲಿ ಪಿಸ್ತೂಲಿನಲ್ಲಿ, ಸಾಧ್ಯವಾದರೆ ಮದ್ದಿಲ್ಲದ ಕೃತಕ ತೋಟಾವನ್ನಿಟ್ಟು ಮಾಡಬೇಕು.

ಮೊದಲನೆಯದು ತಡೆಯ ಪರೀಕ್ಷೆ. ಹ್ಯಾಮರನ್ನೆತ್ತಿ, ಸುರಕ್ಷಾಕೀಲಿಯನ್ನು ಹಾಕಿ, ಟ್ರಿಗರನ್ನು ಬಲವಾಗಿ ಎಳೆಯಬೇಕು, ಹ್ಯಾಮರು ಬೀಳಬಾರದು. ಟ್ರಿಗರನ್ನು ಬಿಟ್ಟು ಕೀಲಿಯನ್ನು ತೆಗೆದಾಗಲೂ ಬೀಳಬಾರದು. ಇಲ್ಲಿ ಬಿದ್ದರೆ, ಕೀಲಿಯಿದ್ದಾಗಲೇ ತಡೆಹಲ್ಲು ಅರ್ಧ ಜಾರಿತ್ತೆಂದು ಅರ್ಥ. ತರುವಾಯ ಎತ್ತಿದ ಹ್ಯಾಮರನ್ನು ಹೆಬ್ಬೆರಳಿನಿಂದ ಮುಂದಕ್ಕೆ ಸಾಕಷ್ಟು ಒತ್ತಬೇಕು. ತಡೆಹಲ್ಲು ಸವೆದಿದ್ದರೆ ಅದು ಜಾರಿಬೀಳುತ್ತದೆ. ಟ್ರಿಗರನ್ನು ಹಗುರಗೊಳಿಸುವ ಆಸೆಯಿಂದ ಆ ಹಲ್ಲನ್ನು ಅರದಿಂದ ಉಜ್ಜಿಸುವವರುಂಟು. ಬಹಳ ನಯವಾದ ಟ್ರಿಗರನ್ನು ಮಾರುವವನು ಹೊಗಳಿದರೆ ಕೊಳ್ಳುವವನು ಎಚ್ಚರಗೊಳ್ಳಬೇಕು.

ಎರಡನೆಯದು ವಿಯೋಜಕದ ಪರೀಕ್ಷೆ. ಟ್ರಿಗರನ್ನು ಎಳೆದು ಹಾಗೆಯೇ ಹಿಡಿದುಕೊಂಡು ಸ್ಲೈಡನ್ನು ಪೂರ್ಣವಾಗಿ ಹಿಂದಕ್ಕೆಳೆದು ಮುಂದಕ್ಕೆ ಬಿಡಬೇಕು. ಹ್ಯಾಮರು ಎದ್ದೇ ನಿಂತಿರಬೇಕು. ಟ್ರಿಗರನ್ನು ನಿಧಾನವಾಗಿ ಸಡಿಲಿಸಿದಾಗ ಸಣ್ಣದೊಂದು 'ಟಿಕ್' ಸದ್ದು ಕೇಳಿ, ಮತ್ತೆ ಎಳೆದಾಗ ಮಾತ್ರ ಹ್ಯಾಮರು ಬೀಳಬೇಕು. ಸ್ಲೈಡು ಸ್ವಲ್ಪ ತೆರೆದಿರುವಾಗ ಟ್ರಿಗರನ್ನೆಳೆದರೂ ಏನೂ ಆಗಬಾರದು. ಈ ಅಂಗ ಕೆಟ್ಟ ಪಿಸ್ತೂಲು ಒಂದೇ ಎಳೆತಕ್ಕೆ ಎರಡು ಮೂರು ಗುಂಡುಗಳನ್ನು ಹಾರಿಸಬಹುದು; ಮೊದಲನೆಯ ಗುಂಡಿಗೇ ಕೈ ಮೇಲಕ್ಕೆ ಹಾರುವುದರಿಂದ ಉಳಿದವು ಎಲ್ಲಿಗೆ ಹೋಗುವುವೆಂದು ಹೇಳುವಂತಿಲ್ಲ. ಟ್ರಿಗರನ್ನು ಒತ್ತಿಹಿಡಿದಷ್ಟು ಹೊತ್ತೂ ಹಾರಿಸುವಂತೆ ರಚಿಸಿದ ಇಲ್ಲವೆ ಮಾರ್ಪಡಿಸಿದ ಆಯುಧಗಳು ನಿಷಿದ್ಧವರ್ಗಕ್ಕೆ ಸೇರಿವೆಯೆಂಬುದನ್ನೂ ಇಲ್ಲಿ ನೆನೆಯಬೇಕು.

ಮೂರನೆಯದು ಆಯಾ ಮಾದರಿಗೆ ವಿಶಿಷ್ಟವಾದ ಪರೀಕ್ಷೆ. ಕೋಲ್ಟ್ ೧೯೦೩ ಮತ್ತು ಎಫ್. ಎನ್. ೧೯೧೦ರಲ್ಲಿ ಹಿಡಿಯ ಹಿಂಭಾಗದ ಪಟ್ಟಿಯನ್ನು ಅಂಗೈ ಒತ್ತಿದಲ್ಲದೆ ಟ್ರಿಗರು ಕೆಲಸಮಾಡಬಾರದು. ೧೯೧೦ರ ಮಾದರಿಯಲ್ಲಿ ಮ್ಯಾಗಜೀನನ್ನು ತೆಗೆದಾಗಲೂ ಟ್ರಿಗರು ನಿಷ್ಕ್ರಿಯವಾಗಬೇಕು. ವಾಲ್ಥರಿನಲ್ಲಿ ಸುರಕ್ಷಾಕೀಲಿಯನ್ನು ಕೆಳಕ್ಕೆ ತಿರುಗಿಸಿದರೆ ಎತ್ತಿದ ಹ್ಯಾಮರು ತಾನೇ ಬೀಳುತ್ತದೆ, ಆದರೆ ಹೊಡೆಸೂಜಿಗೆ ತಗಲದಂತೆ ತಡೆಯಲ್ಪಡುತ್ತದೆ. ಆ ತಡೆ ಸವೆದಿದ್ದರೆ, ತುಂಬಿದ ಪಿಸ್ತೂಲನ್ನು ಸುರಕ್ಷಿತವಾಗಿಸಲು ಹೋದ ಕೈಯೇ ಅದನ್ನು ಹಾರಿಸುತ್ತದೆ.

ಇದನ್ನು ಕಂಡುಕೊಳ್ಳಲು ಸೀಸದ ಕಡ್ಡಿಯೊಂದು ಸಾಕು. ಖಾಲಿ ಪಿಸ್ತೂಲನ್ನು ಮೇಲ್ಮುಖವಾಗಿ ಹಿಡಿದು, ರಬ್ಬರಿರುವ ತುದಿ ಒಳಗಾಗುವಂತೆ ತೆಳುವಾದ ಪೆನ್ಸಿಲನ್ನು ನಳಿಗೆಯೊಳಗೆ ಬಿಟ್ಟು ಟ್ರಿಗರನ್ನೆಳೆದರೆ, ಹೊಡೆಸೂಜಿ ಸರಿಯಿದ್ದಲ್ಲಿ ಪೆನ್ಸಿಲು ಚಂಗನೆ ಹೊರಕ್ಕೆ ಹಾರುತ್ತದೆ. ಸೋತು ಅಲುಗಿದರೆ ಸ್ಪ್ರಿಂಗು ಕ್ಷೀಣಿಸಿದೆ. ಇನ್ನು ಸುರಕ್ಷಾಕೀಲಿಯಿಂದ ಹ್ಯಾಮರನ್ನು ಬೀಳಿಸಿದಾಗ ಪೆನ್ಸಿಲು ಹಾರಲೇಬಾರದು. ಬೆಲೆಬಾಳುವ ಉಪಕರಣಗಳಿಗಿಂತ ಈ ಒಂದಾಣೆಯ ಪರೀಕ್ಷೆ ಎಷ್ಟೋ ಸಲ ಹೆಚ್ಚಿನ ಉಪಕಾರ ಮಾಡುತ್ತದೆ.

ಎಲ್ಲ ಪರೀಕ್ಷೆಗಳಲ್ಲಿ ಗೆದ್ದರೂ ಹಳೆಯ ರಚನೆಗೆ ಅದರದೇ ಆದ ಮಿತಿಯುಂಟು. ಕೆಳಗೆ ಬಿದ್ದರೂ ಹೊಡೆಸೂಜಿ ಚಲಿಸದಂತೆ ಮಾಡುವ ತಡೆಯು ಇಂದಿನ ಪಿಸ್ತೂಲುಗಳಲ್ಲಿ ಸಾಮಾನ್ಯ. ಒಂದು ಶತಮಾನದ ಹಿಂದಿನ ಅನೇಕ ಮಾದರಿಗಳಲ್ಲಿ ಅದಿಲ್ಲ. ಅಂಥವನ್ನು ತೋಟಾಕೋಶ ತುಂಬಿಟ್ಟುಕೊಂಡು ತಿರುಗುವುದು ಅಪಾಯಕರ.

೭. ಮ್ಯಾಗಜ಼ೀನು, ತೋಟಾ ಮತ್ತು ಗುಂಡುಹಾರಿಕೆ

ಪಿಸ್ತೂಲು ನಡುವೆ ಸಿಕ್ಕಿಕೊಳ್ಳುವುದಕ್ಕೆ ಮ್ಯಾಗಜೀನಿನ ದೋಷವು ಬಹು ಸಾಮಾನ್ಯವಾದ ಕಾರಣ. ಅದರ ಮೇಲಂಚಿನ ತುಟಿಗಳು ಸಮನಾಗಿ, ಬಿರುಕಿಲ್ಲದೆ ಇರಬೇಕು. ಪಿಸ್ತೂಲಿನೊಳಗೆ ದೃಢವಾಗಿ ಕೂತು, ಗುಂಡಿಯೊತ್ತಿದಾಗ ಸಲೀಸಾಗಿ ಬರಬೇಕು. ಹಳೆಯ ವಿದೇಶೀ ಮಾದರಿಗಳಿಗೆ ಮೂಲ ಮ್ಯಾಗಜೀನು ಬೇರೆ ದೊರೆಯುವುದು ಬಹು ಕಷ್ಟ. ಆದುದರಿಂದ ಎರಡು ಮ್ಯಾಗಜೀನುಗಳೊಡನೆ ಬಂದ ಪಿಸ್ತೂಲಿಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. .೩೨ ತೋಟಾದ ಬುಡದಲ್ಲಿ ಸ್ವಲ್ಪವೇ ಹೊರಚಾಚಿದ ಅಂಚೊಂದಿದೆ. ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು; ಹಿಂದೆ ಕುಳಿತರೆ ಎರಡೂ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಇದನ್ನು ಪಿಸ್ತೂಲಿನ ದೋಷವೆಂದು ತಪ್ಪು ತಿಳಿಯಬಾರದು.

ತೋಟಾದ ವಿಷಯದಲ್ಲಿ ಇನ್ನೊಂದು ಗೊಂದಲವುಂಟು. ನಮ್ಮ ದೇಶದ ರಿವಾಲ್ವರುಗಳನ್ನೂ .೩೨ ಎಂದೇ ಕರೆಯುತ್ತಾರೆ; ಆದರೆ ಅವುಗಳ ತೋಟಾ ಬೇರೆ ಜಾತಿಯದು, ಪಿಸ್ತೂಲಿನದಕ್ಕಿಂತ ಉದ್ದವಾದದ್ದು. ಒಂದಕ್ಕೆ ಇನ್ನೊಂದು ಸಲ್ಲದು. ಹಾಗೆಯೇ .೨೫ ಮೊದಲಾದ ಅಳತೆಯ ಸುಂದರವಾದ ಪುಟ್ಟ ಪಿಸ್ತೂಲುಗಳು ಅಗ್ಗವಾಗಿ ಸಿಕ್ಕರೆ, ಅವುಗಳ ತೋಟಾ ಎಲ್ಲಿ ದೊರೆಯುತ್ತದೆಂದು ಮೊದಲು ವಿಚಾರಿಸಬೇಕು. ತೋಟಾವಿಲ್ಲದ ಪಿಸ್ತೂಲು ಕಾಗದ ಹಾರದಂತೆ ಇಡುವ ಭಾರಕ್ಕಿಂತ ಹೆಚ್ಚಿನದಲ್ಲ.

ಕೊನೆಯ ಪರೀಕ್ಷೆ ಗುಂಡು ಹಾರಿಸುವುದು. ಇದು ಅನುಮತಿಯುಳ್ಳ ಗುಂಡುಹಾರಿಕೆಯ ಮೈದಾನದಲ್ಲಿ, ತಿಳಿದವರ ಸಮ್ಮುಖದಲ್ಲಿಯೇ ನಡೆಯತಕ್ಕದ್ದು. ಮೊದಲು ಒಂದೇ ತೋಟಾವನ್ನು, ಆಮೇಲೆ ಎರಡನ್ನು, ಅದರಲ್ಲಿ ತಪ್ಪಿಲ್ಲವೆಂದು ಕಂಡ ಬಳಿಕವೇ ಪೂರ್ಣ ಮ್ಯಾಗಜೀನನ್ನು ಹಾಕಬೇಕು. ಒಂದೇ ಎಳೆತಕ್ಕೆ ಹಲವು ಗುಂಡು ಹಾರುವ ರೋಗವಿದ್ದರೆ ಈ ಕ್ರಮದಲ್ಲಿ ಅಪಾಯ ಕಡಿಮೆ. ಹೊರಬಿದ್ದ ಖಾಲಿ ತೋಟಾಗಳನ್ನು ಆರಿಸಿ ನೋಡಿದರೆ ಯಂತ್ರದ ಇತಿಹಾಸವನ್ನೇ ಓದಬಹುದು. ಹೊಡೆಸೂಜಿಯ ಗುರುತು ಮಧ್ಯದಲ್ಲಿ, ಸಮನಾದ ಆಳದಲ್ಲಿರಬೇಕು. ತೋಟಾದ ಬುಡ ಉಬ್ಬಿರಬಾರದು. ಎಲ್ಲವೂ ಹೆಚ್ಚುಕಡಮೆ ಒಂದೇ ದಿಕ್ಕಿಗೆ ಬಿದ್ದಿರಬೇಕು. ಕಾಗದದ ಗುರಿಯಲ್ಲಿ ದುಂಡಾದ ತೂತುಗಳ ಬದಲು ಉದ್ದನೆಯ ಸೀಳುಗಳು ಕಂಡರೆ ಗುಂಡುಗಳು ಅಡ್ಡಬಿದ್ದು ಹಾರುತ್ತಿವೆ. ನಳಿಗೆಯ ಆಯುಷ್ಯ ತೀರಿದೆ.

೮. ನಿರ್ಧಾರ

ದೋಷಗಳೆಲ್ಲವೂ ಸಮಾನವಲ್ಲ. ಸೋತ ಸ್ಪ್ರಿಂಗು, ಒಡೆದ ಹಿಡಿಫಲಕ, ಮಾಸಿದ ಬಣ್ಣ ಇವು ಬೆಲೆಯನ್ನು ಇಳಿಸಬೇಕಾದ ದೋಷಗಳು. ಸವೆದ ಸೆಳೆಕೊಕ್ಕೆ, ಮೊಂಡಾದ ಹೊಡೆಸೂಜಿ, ಕೆಟ್ಟ ಮ್ಯಾಗಜೀನು ಇವು ಬಿಡಿಭಾಗ ದೊರೆಯುವುದೆಂದು ಖಾತ್ರಿಯಾದರೆ ಮಾತ್ರ ಸಹ್ಯ. ಉಬ್ಬಿದ ನಳಿಗೆ, ಬಿರುಕುಬಿಟ್ಟ ಚೌಕಟ್ಟು ಅಥವಾ ಸ್ಲೈಡು, ಜಾರುವ ತಡೆಹಲ್ಲು, ತಿದ್ದಿದ ಅಂಕಿ ಇವುಗಳಲ್ಲಿ ಒಂದಿದ್ದರೂ ಯಾವ ಬೆಲೆಗೂ ಕೊಳ್ಳತಕ್ಕದ್ದಲ್ಲ. ಮಾರುವವನು ಫಲಕ ಬಿಚ್ಚಲು, ನಳಿಗೆಯನ್ನು ಒರೆಸಲು, ಪೆನ್ಸಿಲಿನ ಪರೀಕ್ಷೆ ಮಾಡಲು ಒಪ್ಪದಿದ್ದರೆ ಅದನ್ನೂ ಈ ಮೂರನೆಯ ವರ್ಗಕ್ಕೇ ಸೇರಿಸಬಹುದು.

ನನ್ನ ಮಿತ್ರರು ಅಂದು ಬರಿಗೈಯಲ್ಲಿ ಹಿಂದಿರುಗಿದರು. ದಾರಿಯಲ್ಲಿ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆ ಪಿಸ್ತೂಲಿನ ಹೊಳಪು ಅವರ ಮನಸ್ಸನ್ನು ಅಷ್ಟು ಸೆಳೆದಿತ್ತು. ಮುಂದೆ ಕೆಲವು ತಿಂಗಳ ಬಳಿಕ ಅವರು ಬಣ್ಣ ಮಾಸಿದ, ಅಂಚು ಸವೆದ, ಆದರೆ ನಳಿಗೆಯೂ ತಡೆಹಲ್ಲೂ ದೋಷರಹಿತವಾದ ಬೇರೊಂದನ್ನು ಅದರ ಅರ್ಧದಷ್ಟು ಬೆಲೆಗೆ ಕೊಂಡರು. ಅದು ಈಗಲೂ ಅವರ ಉಕ್ಕಿನ ಪೆಟ್ಟಿಗೆಯಲ್ಲಿ, ಚರ್ಮದ ಚೀಲದಿಂದ ಹೊರಗೆ, ತೋಟಾಗಳಿಂದ ಬೇರೆಯಾಗಿ, ಮಕ್ಕಳ ಕೈಗೆಟುಕದಂತೆ ಬೀಗದೊಳಗಿದೆ. ಮಳೆಗಾಲ ಮುಗಿದ ಮೇಲೆ ಪ್ರತಿವರ್ಷವೂ ಅದನ್ನು ಬಿಚ್ಚಿ ಎಣ್ಣೆ ಸವರಲು ನನ್ನನ್ನು ಕರೆಯುತ್ತಾರೆ.